ಅರ್ಧ ಗಾಂಧೀಜಿ

ಸ್ಟಾಂಪು ಹುಚ್ಚಿನವರ ಮನೆಯಲ್ಲಿ ಊಟದ ತಟ್ಟೆಗೂ ಬಿಡುವಿಲ್ಲ. ಲಕೋಟೆಯ ಮೂಲೆ ಕತ್ತರಿಸಿ ನೀರಲ್ಲಿ ನೆನೆಹಾಕಿ, ಅಂಟು ಬಿಟ್ಟು ಚೀಟಿ ತಾನಾಗಿ ಜಾರುವ ತನಕ ಕಾಯಬೇಕು. ಅವಸರಪಟ್ಟು ಉಗುರಲ್ಲಿ ಎಬ್ಬಿಸಿದವರಿಗೆ ಸಿಗುವುದು ಅರ್ಧ ಗಾಂಧೀಜಿ.

ಈ ಬೆಂಕಿಗೆ ಈಗ ಇಂಟರ್ನೆಟ್ಟು ತುಪ್ಪ ಸುರಿದಿದೆ. ಕೋಲ್‌ನೆಕ್ಟ್ ಎಂಬ ತಾಣದಲ್ಲಿ ದೇಶ, ವರ್ಷ, ವಿಷಯ ಹಿಡಿದು ಹುಡುಕಬಹುದು. ನಮ್ಮಲ್ಲಿ ಎರಡೆರಡು ಇರುವುದನ್ನು ಗುರುತು ಹಾಕಿಟ್ಟರೆ ಅದಲುಬದಲಿಗೆ ಜನ ಸಿಗುತ್ತಾರೆ. ದೇಶದ ಹೆಸರಿಲ್ಲದೆ ರಾಣಿಯ ತಲೆಯಷ್ಟೇ ಇದ್ದರೆ ನೀವು ತಲೆ ಕೆಡಿಸಿಕೊಳ್ಳಬೇಡಿ, ಅದು ಬ್ರಿಟನ್ನಿನದು. ಮೊದಲು ಶುರುಮಾಡಿದವರು ನಾವೇ ಎಂಬ ಗತ್ತು!

‘ಅಜ್ಜನ ಪೆಟ್ಟಿಗೆಯಲ್ಲಿ ಪೆನ್ನಿ ಬ್ಲ್ಯಾಕ್ ಇದೆ, ಸೈಟು ಬರುತ್ತದಾ?’ ಎನ್ನುವವರು ಇದ್ದೇ ಇರುತ್ತಾರೆ. 1840ರ ಆ ಮೊದಲ ಚೀಟಿಯನ್ನು ಅಚ್ಚು ಹಾಕಿದ್ದೇ 6 ಕೋಟಿಗೂ ಹೆಚ್ಚು. ಸೈಟು ಮರೆತುಬಿಡಿ. ಹರಾಜು ತಾಣಗಳಲ್ಲಿ ಮಾರುವವನು ಕೇಳುವ ಬೆಲೆ ಬಿಟ್ಟು, ನಿಜವಾಗಿ ಮಾರಾಟವಾದ ಬೆಲೆ ನೋಡಿ, ಎರಡಕ್ಕೂ ಅಜಗಜಾಂತರ.

ತೆರೆಯ ಮೇಲೆ ಸಿಗದ್ದೂ ಒಂದಿದೆ. 2006ರಲ್ಲಿ ಅಂಚೆ ಇಲಾಖೆ ಶ್ರೀಗಂಧದ ಪರಿಮಳದ ಚೀಟಿ ತಂದಿತ್ತು. ಮೊಬೈಲಿಗೆ ಮೂಗು ಒತ್ತಿದರೆ ಬರುವುದು ಬ್ಯಾಟರಿಯ ಬಿಸಿ ಮಾತ್ರ. ಹೊಸ ಚೀಟಿ ಬೇಕಾದವರು ಬೆಂಗಳೂರು ಜಿಪಿಒದ ಫಿಲಾಟೆಲಿ ಬ್ಯೂರೊಗೆ ಹೋಗಿ. ಅಲ್ಲಿ ಮುಖಬೆಲೆಗೇ ಕೊಡುತ್ತಾರೆ.