ಕೆ.ಜಿ. ಲೆಕ್ಕದ ಸಂಗೀತ ವಿಮರ್ಶೆ

ಸೈಕೆಡೆಲಿಕ್ ಕಂಟ್ರಿ ರಾಕ್ ಕೇಳುವುದಕ್ಕೆ ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ಅಡಿಕೆ ಅಂಗಳಕ್ಕಿಂತ ಒಳ್ಳೆಯ ಸಭಾಂಗಣ ಇಲ್ಲ. ಕಂಟ್ರಿಗೆ ಸುತ್ತ ತೋಟ ಉಂಟು. ರಾಕ್‌ಗೆ ಆಚೆಮನೆಯ ಸುಲಿಯುವ ಯಂತ್ರ ಉಂಟು. ಉಳಿದದ್ದಕ್ಕೆ ಹಸಿ ಅಡಿಕೆಯ ಒಂದು ಹೋಳು ಸಾಕು. ಸೊಕ್ಕಿತೆಂದರೆ ಕಿವಿ ಬಿಸಿಯಾಗಿ, ಬೆವರು ಕಿತ್ತು, ಎದುರಿನ ತೆಂಗಿನಮರ ನಿಂತಲ್ಲೇ ಕುಣಿಯುತ್ತದೆ.

ಈ ಸಂಗೀತ ಹುಟ್ಟಿದ್ದು 1960ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಅಂತ ಬಲ್ಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಗುಡುಗುಡಿಯ ಮೇಲೆ ತತ್ತ್ವಪದ ಕಟ್ಟಿದ, ಕೋಡಗವನ್ನು ಕೋಳಿಯ ಬಾಯಿಗೆ ಕೊಟ್ಟ ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಆಗ ಗಿಟಾರಿಗೆ ಕರೆಂಟೇ ಬಂದಿರಲಿಲ್ಲ, ಅಷ್ಟೇ ಕೊರತೆ. ಅದನ್ನು ತುಂಬಿಕೊಟ್ಟವರಲ್ಲಿ ಒಬ್ಬರು ರಘು ದೀಕ್ಷಿತ್. ಮೈಸೂರಲ್ಲಿ ಬೆಳೆದು, ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಕೊನೆಗೆ ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಗಿಟಾರು ಹಿಡಿದ ಮನುಷ್ಯ. ಮೊದಲ ಆಲ್ಬಮ್ 2008ರಲ್ಲಿ, ಅದರಲ್ಲೇ ಶರೀಫರ ಗುಡುಗುಡಿ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೂ ಹೋಗಿ ಬಂದರು. ಎರಡನೆಯದು, ‘ಜಗ್ ಚಂಗಾ’, 2013ರಲ್ಲಿ. ಮೂರನೆಯ ‘ಶಕ್ಕರ್’ ಬರಬೇಕಾದರೆ ಹತ್ತು ವರ್ಷ ದಾಟಿತು. ತಂಡದ ವಾದ್ಯಗಾರರು ಬದಲಾಗುತ್ತಲೇ ಇರುತ್ತಾರೆ. ನನ್ನ ಲೆಕ್ಕದಲ್ಲಿ ಖಾಯಂ ಸದಸ್ಯರು ಇಬ್ಬರೇ: ರಘು ಮತ್ತು ಶರೀಫರು.

‘ಶಕ್ಕರ್’ ಹಾಡುಗಳು ನಮ್ಮಲ್ಲಿಗೆ ಇಳಿದದ್ದು ಗುಡ್ಡದ ತುದಿಯಲ್ಲಿ. ರೇಂಜ್ ಸಿಗುವುದು ರಬ್ಬರ್ ತೋಟದ ಆ ಒಂದು ಬಂಡೆಯ ಮೇಲೆ ಮಾತ್ರ. ಅಳಿಯ ಅಲ್ಲಿ ಕೂತು ಮೊಬೈಲು ತುಂಬಿಸಿ ತಂದ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಹೆಂಗಸರ ನಡುವೆ ಸ್ಪೀಕರ್ ಇಟ್ಟೆವು.

ಸುಲಿಯುವವರಿಗೆ ಕೂಲಿ ಕೆ.ಜಿ. ಲೆಕ್ಕದಲ್ಲಿ. ಹಾಗಾಗಿ ಇಲ್ಲಿ ನಡೆಯುವಷ್ಟು ಪ್ರಾಮಾಣಿಕ ಸಂಗೀತ ವಿಮರ್ಶೆ ಪತ್ರಿಕೆಗಳಲ್ಲೂ ನಡೆಯುವುದಿಲ್ಲ. ತಾಳ ಚುರುಕಾಯಿತೋ, ಕತ್ತಿಯೂ ಚುರುಕು, ಸಿಪ್ಪೆಯ ರಾಶಿ ಏರುತ್ತದೆ. ಗಾಯಕ ಕಣ್ಣುಮುಚ್ಚಿ ಆಲಾಪಕ್ಕೆ ಹೊರಟನೋ, ನೂರು ಗ್ರಾಮ್ ನಷ್ಟ. “ಇವರಿಗೊಂದು ಚಾ ಕೊಡಿ ಮಾರಾಯ್ರೆ, ಎಚ್ಚರ ಆಗಲಿ” ಎಂದರು ಹಿರಿಯಾಕೆ. ಹಳೆಯ ಗುಡುಗುಡಿ ಹಾಕಿದಾಗ ಮಾತ್ರ ಎಲ್ಲರ ತಲೆಯೂ ಒಟ್ಟಿಗೆ ಅಲ್ಲಾಡಿತು. “ಇದು ಆಗ್ತದೆ” ಎಂಬ ತೀರ್ಪೂ ಬಂತು.

ಮತ್ತೆ ‘ಶಕ್ಕರ್’ಗೆ ಮರಳಿದೆವು. ಅಷ್ಟರಲ್ಲಿ ಅದೂ ಮುಗಿಯಿತು. “ಮುಗೀತಾ? ಇಷ್ಟಕ್ಕೆ ಹತ್ತು ವರ್ಷವಾ?”

ಪ್ರಶ್ನೆ ನ್ಯಾಯದ್ದೇ. ಇವರು ಯಕ್ಷಗಾನದ ಆಟ ನೋಡಿ ಬೆಳೆದ ಜನ. ಮೇಳವೆಂದರೆ ದೀಪಾವಳಿ ಕಳೆದು ಗೆಜ್ಜೆ ಕಟ್ಟಿದರೆ ಬಿಚ್ಚುವುದು ಮೇ ಕೊನೆಯ ಪತ್ತನಾಜೆಗೆ. ಅಲ್ಲಿಯವರೆಗೆ ದಿನಾ ರಾತ್ರಿ ಚೆಂಡೆ. ಸೈಕೆಡೆಲಿಕ್ ರಾಕಿನ ಹಿರಿಯರಾದ ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡ 1965ರಿಂದ 1995ರವರೆಗೆ ಸುಮಾರು 2,300 ಕಛೇರಿ ಕೊಟ್ಟಿತೆಂದು ಲೋಕವೆಲ್ಲ ಬೆರಗಾಗುತ್ತದೆ. ನಮ್ಮ ಒಬ್ಬ ಚೆಂಡೆಯವರು ಹದಿಮೂರು-ಹದಿನಾಲ್ಕು ತಿರುಗಾಟದಲ್ಲಿ ಅಷ್ಟನ್ನು ಮುಗಿಸಿ, ಹಗಲು ತೋಟಕ್ಕೆ ಮೈಲುತುತ್ತು ಬಿಡುವವರನ್ನು ಹುಡುಕಿಕೊಂಡು ಹೋಗಿರುತ್ತಾರೆ.

ಆದರೂ ಆ ಡೆಡ್ಡಿನವರ ಅಭಿಮಾನಿಗಳ ಮೇಲೆ ನನಗೆ ಪ್ರೀತಿ. ಅವರಿಗೂ ಆಲ್ಬಮ್ಮಿಗಿಂತ ರಾತ್ರಿಯೇ ಮುಖ್ಯ. ಟೇಪ್ ರೆಕಾರ್ಡರ್ ಹಿಡಿದು ಬರುವವರಿಗೆಂದೇ ತಂಡ 1984ರಲ್ಲಿ ಬೇರೆ ಜಾಗ ಕೊಟ್ಟಿತು. ಅದೇ ಹಾಡು, ಯಾವ ಊರಿನ ಯಾವ ರಾತ್ರಿಯದು ಚಂದ ಎಂದು ಜಗಳ. ನಮ್ಮಲ್ಲಿ ರಂಗಸ್ಥಳದ ಪಕ್ಕ ಮೈಕಿನ ಬುಡಕ್ಕೆ ಟೇಪ್ ಇಟ್ಟು ಕೂತವರಿಗೆ ಯಾರೂ ಬೇರೆ ಜಾಗ ಕೊಟ್ಟಿರಲಿಲ್ಲ, ಜಗಳ ಮಾತ್ರ ಅದೇ. ಬಲಿಪ ನಾರಾಯಣ ಭಾಗವತರ ಅದೇ ಪದ್ಯ, ಆದರೆ ಆ ವರ್ಷ ಆ ಗದ್ದೆಯಲ್ಲಿ ಹೇಳಿದ್ದು ಬೇರೆಯೇ ಎಂದು ಮದುವೆ ಊಟದ ಪಂಕ್ತಿಯಲ್ಲಿ ವಾದಿಸಿ ಸಾರು ತಣಿಸಿಕೊಂಡವರು ಈಗಲೂ ಇದ್ದಾರೆ. ಇನ್ನೊಬ್ಬ ಭಾಗವತರಾದ ಸುಳ್ಯದ ಕಲ್ಮಡ್ಕದ ಪದ್ಯಾಣ ಗಣಪತಿ ಭಟ್ಟರ ಪಕ್ಷದವರು ಎದುರಿನ ಸಾಲಿನಲ್ಲಿ. 2021ರಲ್ಲಿ ಪದ್ಯಾಣ, 2023ರಲ್ಲಿ ಬಲಿಪರು ಹೋದರು. ವಾದ ನಿಂತಿಲ್ಲ.

ಆ ಸಂಜೆಯೂ ಹಾಗೇ ಆಯಿತು. ‘ಶಕ್ಕರ್’ ನಿಲ್ಲಿಸಿ ಯಾವುದೋ ಹಳೇ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ‘ದೇವಿ ಮಹಾತ್ಮೆ’ ಪ್ರಸಂಗ ಹಾಕಿದರು. ನಡುವೆ ಯಾರೋ ಕೆಮ್ಮುತ್ತಾರೆ, ಮಗು ಅಳುತ್ತದೆ, ಕಡಲೆಕಾಯಿಯವನು ಕೂಗುತ್ತಾನೆ. ಮಹಿಷಾಸುರ ಬರುವಷ್ಟರಲ್ಲಿ ಎರಡು ಗೋಣಿ ಖಾಲಿ. ರಘು ದೀಕ್ಷಿತರಲ್ಲಿ ನನ್ನ ವಿನಂತಿ ಇಷ್ಟೇ: ನಾಲ್ಕನೆಯ ಆಲ್ಬಮ್ ಯಾವಾಗ ಬೇಕಾದರೂ ಬರಲಿ, ಕಡಿಮೆಯೆಂದರೆ ಒಂದು ಗೋಣಿಯಷ್ಟಾದರೂ ಉದ್ದ ಇರಲಿ.