ಅಳೆದೂ ಸುರಿದೂ

ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೊಸ ಸಾಮಾನು ಬಂದರೂ ಡಬ್ಬದ ಟೇಪು ಕೀಳುವ ಮೊದಲೇ ಎದುರುಮನೆಯಿಂದ ಒಂದು ಪ್ರಶ್ನೆ ಬರುತ್ತದೆ: “ರಾಯರನ್ನ ಕೇಳಿದ್ರಾ?” ಕೇಳಿದ್ದರೆ ಸರಿ. ಕೇಳದೆ ತಂದಿದ್ದರೆ ಆ ಸಾಮಾನಿಗೆ ಡಬ್ಬದೊಳಗೇ ಬಾಲಗ್ರಹ ಹಿಡಿಯಿತೆಂದೇ ಲೆಕ್ಕ.

ರಾಯರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಬೀದಿಯವರಿಗೆ ಮಾತ್ರ ಅವರು ರಿವ್ಯೂ ರಾಯರು. ಮೈಸೂರಿನ ಕುವೆಂಪುನಗರದಲ್ಲಿ ಮನೆ, ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಮೆಕ್ಯಾನಿಕಲ್ ಹುಡುಗರಿಗೆ ಪಾಠ ಹೇಳಿ ನಿವೃತ್ತಿ, ಕಂಕುಳಲ್ಲಿ ಒಂದು ಲಾಂಗ್ ಬುಕ್. ಇಂಥವರು ನಿಮ್ಮ ಬೀದಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಇವರನ್ನು ಜಿಪುಣರ ಪಂಗಡಕ್ಕೆ ಸೇರಿಸಬೇಡಿ. ಜಿಪುಣ ಬೆಲೆ ಕೇಳಿದ ಕೂಡಲೇ ಎದ್ದು ಹೋಗುತ್ತಾನೆ. ರಾಯರು ಬೆಲೆಯನ್ನು ಎಲ್ಲಕ್ಕಿಂತ ಕೊನೆಗೆ ಕೇಳುತ್ತಾರೆ. ಆ ಕೊನೆ ಬರುವುದಿಲ್ಲ, ಅಷ್ಟೆ. ಮಿಕ್ಸಿ ಕೊಳ್ಳಬೇಕೆಂದು ಹೊರಟಾಗ ಮಗ ಆರನೇ ಕ್ಲಾಸು. ಮಿಕ್ಸಿ ಮನೆಗೆ ಬಂದದ್ದು ಅವನ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ನಡುವಿನ ವರ್ಷಗಳ ಚಟ್ನಿಯೆಲ್ಲ ಒರಳುಕಲ್ಲಿನದು. ಈಗ ಆ ರುಚಿಯ ಕೀರ್ತಿಯೂ ರಾಯರಿಗೇ: “ಅವಸರ ಮಾಡಿದ್ರೆ ಅಂಥ ಚಟ್ನಿ ತಿಂತಿದ್ರಾ ನೀವು?”

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ರಾಯರ ಭಾವಮೈದುನನ ಮಗಳಿಗೆ ಮದುವೆ ಗೊತ್ತಾಯಿತು. ಮುಹೂರ್ತ ವೈಶಾಖದಲ್ಲಿ. ರಾಯರ ಹೆಂಡತಿ ಬೀರು ತೆಗೆದು, ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯಲ್ಲಿ ಎಂದೋ ಕೊಂಡಿದ್ದ ಕ್ರೇಪ್ ಸೀರೆಯನ್ನು ಹೊರಗೆಳೆದರು. ಕಾರ್ಖಾನೆ 1912ರದು, ಸೀರೆಯ ಮಡಿಕೆ ನೋಡಿದರೆ ಅದೂ ಅಂದಿನಿಂದ ಬೀರುವಿನಲ್ಲೇ ಇದ್ದಂತಿತ್ತು.

“ರೀ, ಒಂದು ಸಣ್ಣ ಸ್ಟೀಮರ್ ತಂದುಕೊಡಿ. ಸೀರೆ ಮುಂದೆ ಹಿಡಿದು ಹಿಂಗಂದ್ರೆ ಸಾಕಂತೆ, ಸುಕ್ಕೆಲ್ಲ ಹೋಗುತ್ತಂತೆ. ಎರಡು ಸಾವಿರದೊಳಗೆ ಸಿಗುತ್ತಂತೆ.”

ಬೇರೆ ಗಂಡಸಾಗಿದ್ದರೆ ಆ ಸಂಜೆಯೇ ತಂದು ಕೈತೊಳೆದುಕೊಳ್ಳುತ್ತಿದ್ದ. ರಾಯರು ಲಾಂಗ್ ಬುಕ್ಕಿನ ಹೊಸ ಪುಟ ತೆಗೆದು, ಮೇಲೆ ‘ಶ್ರೀ’ ಬರೆದು, ಸ್ಕೇಲಿಟ್ಟು ಹನ್ನೊಂದು ಕಾಲಂ ಎಳೆದರು. ಮೊದಲ ಕಾಲಮ್ಮಿನ ತಲೆಬರಹ: ‘ಸಣ್ಣ ಎಂದರೆ ಎಷ್ಟು?’

ಮಾರನೆಯ ದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ರಾಯರು ಬಾಗಿಲಿಗೆ ಒಂದು ಪಂಚೆ ನೇತುಹಾಕಿ, ಅದರ ಮುಂದೆ ನಿಂತು, ಒಂದು ಕಿಲೋ ತೊಗರಿಬೇಳೆ ಪ್ಯಾಕೆಟ್ಟನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಆಡಿಸುತ್ತಿದ್ದರು. ಮಂಗಳಾರತಿಯ ಗತಿ. ನನ್ನನ್ನು ಕಂಡು ನಿಲ್ಲಿಸಲಿಲ್ಲ.

“ಡಬ್ಬದ ಮೇಲೆ ಬರೆಯೋ ತೂಕ ಖಾಲಿ ಯಂತ್ರದ್ದು. ನೀರು ತುಂಬಿದ ಮೇಲೆ ಇನ್ನೂ ಕಾಲು ಕಿಲೋ ಸೇರುತ್ತೆ. ಆ ಭಾರ ಹಿಡಿದು ಕೈ ಎತ್ತಿ ಹತ್ತು ನಿಮಿಷ ನಿಲ್ಲೋಕಾಗುತ್ತಾ ಅಂತ ಯಾರೂ ನೋಡಲ್ಲ ನೋಡಿ.”

ಏಳನೆಯ ನಿಮಿಷಕ್ಕೆ ಅವರ ಭುಜ ಹಿಡಿದುಕೊಂಡಿತು. ಹೆಂಡತಿ ನೋವಿನೆಣ್ಣೆ ಹಚ್ಚುತ್ತಿದ್ದಾಗಲೇ ಎಡಗೈಯಲ್ಲಿ ಬರೆದರು: ‘ನೀರು ಸೇರಿ ಒಂದು ಕಿಲೋ ದಾಟಬಾರದು.’ ಸುಮ್ಮನೆ ನಕ್ಕು ಬಂದೆ. ಆದರೆ ಈಗ ಹೇಳುತ್ತೇನೆ, ಸ್ಟೀಮರ್ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಬುದ್ಧಿಮಾತನ್ನು ಯಾವ ಅಂಗಡಿಯವನೂ ನನಗೆ ಹೇಳಲಿಲ್ಲ. ರಾಯರ ತೊಂದರೆಯೇ ಅದು: ಅವರು ಹೇಳುವುದೆಲ್ಲ ನಿಜವಾಗಿರುತ್ತದೆ.

ಎರಡನೆಯ ವಾರ ಉಗಿಯ ಪ್ರಮಾಣ. ಒಂದು ಕಂಪನಿಯವರು 1,500 ವಾಟಿನ ಯಂತ್ರದಲ್ಲಿ ನಿಮಿಷಕ್ಕೆ 45 ಗ್ರಾಂ ಉಗಿ ಬರುತ್ತದೆಂದು ಬರೆದುಕೊಂಡಿದ್ದರು. ರಾಯರಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ನಮ್ಮ ಗೇಟಿನ ಮುಂದೆ ನಿಂತಿದ್ದರು.

“ಒಂದು ಗ್ರಾಂ ನೀರನ್ನ ಉಗಿ ಮಾಡೋಕೆ 2,260 ಜೂಲ್ ಬೇಕು. ತಣ್ಣೀರನ್ನ ಕುದಿಯೋ ಮಟ್ಟಕ್ಕೆ ತರೋಕೆ ಇನ್ನೊಂದು ಮುನ್ನೂರು. 1,500 ವಾಟ್ ಅಂದ್ರೆ ನಿಮಿಷಕ್ಕೆ 90,000 ಜೂಲ್. ಭಾಗಿಸಿ. ಒಂದು ತೊಟ್ಟು ಶಾಖ ಪೋಲಾಗದಿದ್ರೂ 35 ಗ್ರಾಂ. ಮಿಕ್ಕ ಹತ್ತು ಗ್ರಾಂ ಎಲ್ಲಿಂದ ಬರುತ್ತೆ, ಅವನ ಬಾಯಿಂದಲೇ?”

ಹಾಲಿನವನು ಸೈಕಲ್ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ನೂರು ಡಿಗ್ರಿಗೆ ಮುಂಚೆಯೇ, 97ರ ಆಚೀಚೆ ಕುದಿಯುತ್ತದೆ ಎಂಬ ವಿಷಯವೂ ಬಂತು. “ಹಾಲಿಗೂ ಹಂಗೇನಾ ಸಾಮಿ?” ಎಂದು ಅವನು ಕೇಳಿದ್ದೇ ತಪ್ಪಾಯಿತು. ಆ ದಿನ ಮುಂದಿನ ಬೀದಿಯವರಿಗೆ ಕಾಫಿ ತಡ.

ಇಷ್ಟರಲ್ಲಿ ರಾಯರ ಮೊಬೈಲಿಗೂ ವಿಷಯ ಗೊತ್ತಾಗಿಬಿಟ್ಟಿತ್ತು. ರಾಹುಕಾಲ ನೋಡಲು ಪಂಚಾಂಗ ತೆಗೆದರೆ ಪಕ್ಕದಲ್ಲೇ ಸ್ಟೀಮರ್ ಜಾಹೀರಾತು. ರಾಯರು ಐದು ನಕ್ಷತ್ರದ ರಿವ್ಯೂ ಓದುವುದಿಲ್ಲ. “ಅವರು ಡಬ್ಬ ಒಡೆದ ಖುಷಿಯಲ್ಲಿ ಬರೆದವರು. ಮದುವೆಯ ಮಾರನೆಯ ದಿನ ಮದುಮಗನನ್ನ ‘ಸಂಸಾರ ಹೇಗಿದೆ’ ಅಂತ ಕೇಳಿದ ಹಾಗೆ. ಆರು ತಿಂಗಳು ಉಪಯೋಗಿಸಿ ಮೂರು ನಕ್ಷತ್ರ ಕೊಟ್ಟವನ ಮಾತು ಕೇಳಬೇಕು.” ಹಾಗೆ ಆರು ತಿಂಗಳವರನ್ನೆಲ್ಲ ಹುಡುಕಿದಾಗ ಎಲ್ಲರ ಗೋಳೂ ಒಂದೇ: ಮೊದಮೊದಲು ಉಗಿ, ಆಮೇಲೆ ಉಗುಳು. ಗಡಸು ನೀರಿನ ಸುಣ್ಣ ಒಳಗೆ ಕಟ್ಟಿಕೊಂಡು ರಂಧ್ರ ಮುಚ್ಚುತ್ತಿತ್ತು. ರಾಯರು ತಮ್ಮ ಮನೆಯ ಬೋರ್‌ವೆಲ್ ನೀರಿಗೆ ಸೋಪು ತಿಕ್ಕಿ ನೊರೆ ನೋಡಿದರು, ನೊರೆ ಏಳಲಿಲ್ಲ. ನಲ್ಲಿ ನೀರಿನಲ್ಲಿ ಎದ್ದಿತು. ಕೊನೆಗೆ ಅವರ ದೃಷ್ಟಿ ಇನ್ವರ್ಟರ್ ಪಕ್ಕದಲ್ಲಿದ್ದ ಬ್ಯಾಟರಿ ನೀರಿನ ಕ್ಯಾನಿನ ಮೇಲೆ ಬಿತ್ತು. “ಡಿಸ್ಟಿಲ್ಡ್ ವಾಟರ್! ಸುಣ್ಣದ ಹೆಸರೇ ಇಲ್ಲ!” ಆ ಕ್ಯಾನನ್ನು ಅಂದೇ ದೇವರಮನೆಯ ಪಕ್ಕಕ್ಕೆ ವರ್ಗ ಮಾಡಲಾಯಿತು. ಬ್ಯಾಟರಿ ಒಣಗಿ, ಶಿವರಾತ್ರಿ ಜಾಗರಣೆಯನ್ನು ಆ ಮನೆಯವರು ಕತ್ತಲಲ್ಲಿ ಮಾಡಿದರು.

ನಂತರ ಅಂಗಡಿಯ ಸರದಿ. ದೇವರಾಜ ಅರಸ್ ರಸ್ತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಮೊದಲ ಅಂಗಡಿಯಲ್ಲಿ “ಸ್ಟೀಮರ್ ತೋರಿಸಪ್ಪ” ಎಂದರೆ ಹುಡುಗ ಮೋಮೋ ಬೇಯಿಸುವ ಪಾತ್ರೆ ತಂದಿಟ್ಟ. ಎರಡನೆಯದರಲ್ಲಿ ನೆಗಡಿಗೆ ಹಬೆ ತೆಗೆದುಕೊಳ್ಳುವ ಡಬ್ಬಿ ಬಂತು. ಮೂರನೆಯದರಲ್ಲಿ ಅಂತೂ ಬಟ್ಟೆಯದು ಸಿಕ್ಕಿತು. ರಾಯರು ಚೀಲಕ್ಕೆ ಕೈಹಾಕಿ ಒಂದು ಮುದ್ದೆಯಾದ ಅಂಗಿ, ಒಂದು ಬಾಟಲಿ ನೀರು, ದರ್ಜಿಯ ಟೇಪು ತೆಗೆದು ಕೌಂಟರಿನ ಮೇಲಿಟ್ಟರು. ಆ ಅಂಗಿಯನ್ನು ಹದವಾಗಿ ಸುಕ್ಕಾಗಲೆಂದು ರಾತ್ರಿಯೆಲ್ಲ ದಿಂಬಿನ ಕೆಳಗಿಟ್ಟು ಮಲಗಿದ್ದರಂತೆ.

“ಇದನ್ನ ಮಲಗಿಸಿ ಹಿಡಿದರೆ ನೀರು ಉಗುಳುತ್ತಾ?”

“ಸಾರ್, ಮಲಗಿಸೋದು ಯಾಕೆ? ನಿಲ್ಲಿಸಿಯೇ ಹಿಡಿಯೋದು.”

“ಅಂಗಿಯ ಕಾಲರನ್ನ ನಿಲ್ಲಿಸಿ ಹಿಡಿಯೋಕಾಗುತ್ತೇನಪ್ಪ? ಮೇಜಿನ ಮೇಲೆ ಹಾಸಬೇಕಲ್ಲ? ಮತ್ತೆ ಗುಂಡಿ ಒತ್ತಿಕೊಂಡೇ ಇರಬೇಕೋ, ಒಂದು ಸಲ ಒತ್ತಿ ಲಾಕ್ ಮಾಡಬಹುದೋ? ವೈರು ಎಷ್ಟುದ್ದ?”

ವೈರು ಅಳೆದರು, ಎರಡು ಮೀಟರ್. ಹುಡುಗ ಪ್ಲಗ್ಗು ಹಾಕಲು ಹೋದಾಗ ಅವನ ಕೈ ಹಿಡಿದರು. “ನಿಲ್ಲಪ್ಪ. 1,500 ವಾಟನ್ನ 230 ವೋಲ್ಟಿನಿಂದ ಭಾಗಿಸಿದರೆ ಆರೂವರೆ ಆಂಪಿಯರ್. ಇದು ಆರರ ಪಾಯಿಂಟು. ಸುಟ್ಟೀತು.” ಹುಡುಗ ಒಳಗೆ ಹೋದವನು ಮಾಲೀಕರನ್ನು ಕರೆತಂದ. ಮಾಲೀಕರು ರಾಯರನ್ನು ನೋಡಿ, “ಸಾರ್, ನಾನು ನಿಮ್ಮ ಸ್ಟೂಡೆಂಟು” ಎಂದರು. ಅಲ್ಲಿಗೆ ಅಂದಿನ ವ್ಯಾಪಾರ ಮುಗಿಯಿತು. ಕಾಫಿ ಕುಡಿದು ಬಂದೆವು.

ಮನೆಗೆ ಬಂದ ಮೇಲೆ ರಾಯರು ಹದಿನಾರು ಆಂಪಿಯರಿನ ಪಾಯಿಂಟುಗಳನ್ನು ಎಣಿಸಿದರು. ಎರಡೇ ಇದ್ದವು: ಒಂದು ಬಚ್ಚಲಿನ ಗೀಸರಿಗೆ, ಒಂದು ಅಡುಗೆಮನೆಯ ಫ್ರಿಜ್ಜಿಗೆ. ರೇಷ್ಮೆ ಸೀರೆಯನ್ನು ಒಗ್ಗರಣೆಯ ಮುಂದೆ ನೇತುಹಾಕಲು ಹೆಂಡತಿ ಒಪ್ಪಲಿಲ್ಲ. ಹಾಗಾಗಿ ಹೊಸ ನಿರ್ಣಯ: ‘1,200 ವಾಟ್ ಮೀರಬಾರದು.’ ಇದೂ ಸರಿಯೇ. ಹಳೆಯ ಮನೆಯವರು ಗುರುತು ಹಾಕಿಕೊಳ್ಳಬೇಕಾದ ಮಾತು.

ಆದರೆ ನಿಜವಾದ ಸಂಕಟ ಬಂದದ್ದು ಸೀರೆಯಿಂದ. “ನೋಡಿ, ಎಲ್ಲಾ ಕಂಪನಿಯವರೂ ಹ್ಯಾಂಗರಿಗೆ ಅಂಗಿ ಹಾಕಿ ತೋರಿಸ್ತಾರೆ. ಸೀರೆಗೆ ಹಿಡಿದು ತೋರಿಸಿದವನು ಒಬ್ಬನೂ ಇಲ್ಲ!” ಐದೂವರೆ ಮೀಟರ್ ಸೀರೆಯನ್ನು ಹ್ಯಾಂಗರಿಗೆ ಹಾಕಿದರೆ ಎಂಟು ಪದರ, ಉಗಿ ತಾಕುವುದು ಮೇಲಿನದಕ್ಕೆ ಮಾತ್ರ. ಪೂರ್ತಿ ಬಿಡಿಸಿ ಹರವುವ ಹಗ್ಗ ಇರುವುದು ತಾರಸಿಯಲ್ಲಿ. ತಾರಸಿಯಲ್ಲಿ ಪ್ಲಗ್ ಪಾಯಿಂಟಿಲ್ಲ. ಎಲೆಕ್ಟ್ರಿಷಿಯನ್ ಬಂದು ನೋಡಿ, ತಾರಸಿಗೆ ಪಾಯಿಂಟ್ ಎಳೆಯಲು ನಾಲ್ಕು ಸಾವಿರ ಎಂದ. ಎರಡು ಸಾವಿರದ ಯಂತ್ರಕ್ಕೆ ನಾಲ್ಕು ಸಾವಿರದ ಸಾಕೆಟ್!

ಇದನ್ನೆಲ್ಲ ಬೀದಿಯ ತುದಿಯ ಹೊಂಗೆಮರದ ಕೆಳಗೆ ಇಸ್ತ್ರಿ ಗಾಡಿಯವನು ಕೇಳಿಸಿಕೊಳ್ಳುತ್ತಿದ್ದ. ಇದ್ದಿಲಿನ ಪೆಟ್ಟಿಗೆಯವನು. ಬಟ್ಟೆಯ ಮೇಲೆ ನೀರು ಚಿಮುಕಿಸಿ ಪೆಟ್ಟಿಗೆ ಇಟ್ಟರೆ ಅಲ್ಲೇ ‘ಚುಂಯ್’ ಎಂದು ಉಗಿ. “ಸಾಮಿ, ಇದರಾಗೂ ಹಬೆ ಬತ್ತದಲ್ಲ?” ಎಂದ. ರಾಯರು ಸಂತೋಷದಿಂದ ಅವನಿಗೆ ಪಾಠ ಶುರುಮಾಡಿದರು: ನೂಲಿನ ಒಳಗಿನ ಬಂಧಗಳು ತೇವ, ಶಾಖ ಎರಡೂ ಸೇರಿದಾಗ ಸಡಿಲಾಗುತ್ತವೆ, ತಣ್ಣಗಾಗುವಾಗ ಬಟ್ಟೆ ಹೇಗಿದೆಯೋ ಹಾಗೇ ಗಟ್ಟಿಯಾಗುತ್ತವೆ. ರೇಷ್ಮೆ, ಉಣ್ಣೆ ಉಗಿ ತಗುಲಿದರೆ ತಮ್ಮ ಭಾರಕ್ಕೇ ಜಾರಿ ನೆಟ್ಟಗಾಗುತ್ತವೆ. ಹತ್ತಿ ಮೊಂಡ, ಅದನ್ನು ಒತ್ತಲೇಬೇಕು. ಗಂಜಿ ಹಾಕಿದ ಪಂಚೆಗೆ ಸ್ಟೀಮರ್ ಹಿಡಿದರಂತೂ ಇದ್ದ ಖಡಕ್ಕೂ ಹೋಗಿ ಮೆತ್ತಗಾಗುತ್ತದೆ. “ಹಂಗಾರೆ ನನ್ನ ಹೊಟ್ಟೆಪಾಡಿಗೆ ತೊಂದ್ರೆ ಇಲ್ಲ ಅನ್ನಿ” ಎಂದು ಅವನು ಕೆಂಡ ಕೆದಕಿದ. ರಾಯರು ಅಲ್ಲೇ ನಿಂತು ಬರೆದರು: ‘ಸ್ಟೀಮರ್ ಇಸ್ತ್ರಿಪೆಟ್ಟಿಗೆಗೆ ತಮ್ಮ, ವಾರಸುದಾರ ಅಲ್ಲ.’

ಯುಗಾದಿ ಕಳೆಯಿತು. ಅಷ್ಟರಲ್ಲಿ ರಾಯರ ಮಾತು ಕೇಳಿ ನಮ್ಮ ಬೀದಿಯಲ್ಲಿ ನಾಲ್ಕು ಮನೆಗೆ ಸ್ಟೀಮರ್ ಬಂದಿತ್ತು. ನಮ್ಮದೂ ಅದರಲ್ಲಿ ಒಂದು: 1,200 ವಾಟ್, ನೀರು ಸೇರಿ ಒಂಬೈನೂರು ಗ್ರಾಂ, ಗುಂಡಿಗೆ ಲಾಕ್, ಕಳಚಿ ತೊಳೆಯಬಹುದಾದ ನೀರಿನ ತೊಟ್ಟಿ. ತಂದು ಒಂದು ತಿಂಗಳಾಗಿತ್ತು, ದೂರಿರಲಿಲ್ಲ. ಐದನೆಯ ಮನೆ ರಾಯರದು. ಅಲ್ಲಿ ಕಾಲಂ ಹದಿನಾಲ್ಕಕ್ಕೇರಿತ್ತು. ಊರಿಗೆಲ್ಲ ಜಾತಕ ಹೊಂದಿಸುವ ಜೋಯಿಸರ ಮಗ ಬ್ರಹ್ಮಚಾರಿಯಾಗಿ ಉಳಿದ ಕಥೆ.

ಮದುವೆಯ ಹಿಂದಿನ ಸಂಜೆ ರಾಯರ ಹೆಂಡತಿ ಸೀರೆ ಹಿಡಿದು ನಮ್ಮ ಮನೆಗೇ ಬಂದರು. ಒಂದು ಮಾತೂ ಆಡಲಿಲ್ಲ, ಆಡಬೇಕಾಗಿಯೂ ಇರಲಿಲ್ಲ. ನನ್ನಾಕೆ ನಡುಮನೆಯಲ್ಲಿ ಹಗ್ಗ ಕಟ್ಟಿದಳು. ಹಿಂದೆಯೇ ರಾಯರು, ಅಡುಗೆಮನೆಯ ತಕ್ಕಡಿಯ ಸಮೇತ. ಮೊದಲ ಉಗಿಯಲ್ಲಿ ಹನಿ ಇರುತ್ತದೆ, ಹಳೇ ಬಟ್ಟೆಗೆ ಬಿಡಿ ಎಂದರು. ಸೀರೆಯ ಒಳಮೈಗೆ ಹಿಡಿಯಿರಿ, ಜರಿಗೆ ತಾಗಿಸಬೇಡಿ ಎಂದರು. ಅವರು ಹೇಳಿದಂತೆಯೇ ಮಾಡಿದೆವು. ಬೀರುವಿನ ಮಡಿಕೆಗಳು ನಮ್ಮ ಕಣ್ಣೆದುರೇ ಒಂದೊಂದಾಗಿ ಕರಗಿದವು. ರಾಯರ ಹೆಂಡತಿ ಸೆರಗನ್ನು ಕೆನ್ನೆಗೊತ್ತಿಕೊಂಡು “ಬೆಚ್ಚಗಿದೆ” ಎಂದರು. ರಾಯರು ತೊಟ್ಟಿ ಕಳಚಿ ತಕ್ಕಡಿಯಲ್ಲಿಟ್ಟು, ಗಡಿಯಾರ ನೋಡಿ, “ನಿಮಿಷಕ್ಕೆ ಹತ್ತೊಂಬತ್ತು ಗ್ರಾಂ. ಡಬ್ಬದ ಮೇಲೆ ಇಪ್ಪತ್ತೆರಡು ಅಂತಿದೆ” ಎಂದರು. ಮೂರು ಗ್ರಾಂ ಮೋಸ ಸಿಕ್ಕಿದ್ದಕ್ಕೆ ಅವರ ಮುಖದಲ್ಲಿ ಮದುವಣಿಗನ ಕಳೆ.

“ಇದೇ ತಗೊಳ್ಳಬಹುದಲ್ಲ ರಾಯರೇ?” ಎಂದೆ.

“ತಗೊಳ್ಳಬಹುದು. ಆದರೆ ನಿಮ್ಮದು ಆರು ತಿಂಗಳು ಹೇಗೆ ನಡೆಯುತ್ತೋ ನೋಡಿಕೊಂಡು…”

ಮಾರನೆಯ ದಿನ ಛತ್ರದಲ್ಲಿ ಹೆಂಗಸರೆಲ್ಲ ಆ ಸೀರೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಯಾವ ಸ್ಟೀಮರ್ ಎಂದು ಕೇಳಿದವರಿಗೆ ರಾಯರು ಪಂಕ್ತಿಯಲ್ಲಿ ಕೋಸಂಬರಿಯಿಂದ ಮಜ್ಜಿಗೆಯವರೆಗೆ ವಿವರಿಸಿದರು. ಹೋಳಿಗೆ ಬಂದಾಗಲೂ ನಿಲ್ಲಿಸಲಿಲ್ಲ. ಎಡಪಂಕ್ತಿಯ ಮೂವರು ಎಲೆ ಮುಂದೆಯೇ ಮೊಬೈಲ್ ತೆಗೆದು ಆರ್ಡರ್ ಮಾಡಿದ್ದನ್ನು ನಾನೇ ಕಂಡೆ.

ಕೈತೊಳೆಯಲು ಎದ್ದಾಗ ರಾಯರು ನನ್ನ ಮುಂದೆ ನಡೆಯುತ್ತಿದ್ದರು. ಜರಿ ಪಂಚೆ ಗರಿಗರಿಯಾಗಿತ್ತು. ಹತ್ತಿಗೆ ಸ್ಟೀಮರ್ ಆಗದೆಂದು ಅವರೇ ತೀರ್ಮಾನಿಸಿದ್ದರಲ್ಲ, ಇಸ್ತ್ರಿ ಗಾಡಿಗೆ ಕೊಡುವುದು ಸ್ಟೀಮರ್ ಗಲಾಟೆಯಲ್ಲಿ ಮರೆತುಹೋಗಿ, ರಾತ್ರಿ ಅದನ್ನು ಮಡಿಸಿ, ಹುಡುಗನಾಗಿದ್ದಾಗ ಮಾಡುತ್ತಿದ್ದಂತೆ ಹಾಸಿಗೆಯ ಕೆಳಗಿಟ್ಟು ಮಲಗಿದ್ದರಂತೆ. ಭಾರ ಸಾಲದೆಂದು ಪಂಚೆಯ ಮೇಲೆ ಇನ್ನೊಂದು ವಸ್ತುವನ್ನೂ ಇಟ್ಟಿದ್ದರು. ಅದೇನೆಂದು ಕೇಳಬೇಕಾಗಿರಲಿಲ್ಲ. ಅವರ ಬೆನ್ನ ಕೆಳಗೆ, ಪಂಚೆಯ ಮೇಲೆ, ಅಚ್ಚುಕಟ್ಟಾಗಿ ಒತ್ತಿದ ಒಂದು ಆಯತ ಮೂಡಿತ್ತು. ಅಳತೆ ಸರಿಯಾಗಿ ಲಾಂಗ್ ಬುಕ್ಕಿನದು.