ಎರಡನೇ ರನ್ನು

ಖಾನಾಪುರದ ಕಡೆಯ ಹಳ್ಳಿಯಿಂದ ನನ್ನ ಹೆಂಡತಿಯ ತಮ್ಮ ನನಗೆ ಫೋನ್ ಮಾಡುವುದು ವರ್ಷಕ್ಕೆ ಎರಡೇ ಸಲ. ಮೊದಲನೆಯದು, ಹಲಸಿನ ಹಣ್ಣು ಇಳಿಸಿದ್ದೇವೆ, ಬಂದು ಒಯ್ಯಿರಿ ಎಂದು. ಎರಡನೆಯದು, ಹೇಳಿದರೂ ಯಾಕೆ ಬರಲಿಲ್ಲ ಎಂದು. ಹೀಗಾಗಿ ಫೆಬ್ರವರಿಯ ಒಂದು ಶನಿವಾರ ರಾತ್ರಿ ಹತ್ತು ಗಂಟೆಗೆ ಅವನ ಫೋನ್ ಬಂದಾಗ ಗಾಬರಿಯಾಯಿತು. ಆ ಹೊತ್ತಿನಲ್ಲಿ ಹಲಸಿನ ಮರದಲ್ಲಿ ಮಿಡಿ ಬಿಟ್ಟು ಬೇರೇನೂ ಇರುವುದಿಲ್ಲ.

“ಮಾಮಾ, ನಾಳೆ ಏನ್ ಕೆಲಸ ಐತಿ?”

“ಏನೂ ಇಲ್ಲಪಾ,” ಅಂದೆ. ಅನಾಹುತ ಶುರುವಾದದ್ದೇ ಈ ಪ್ರಾಮಾಣಿಕತೆಯಿಂದ.

“ಹಂಗಾದ್ರ ಮುಂಜಾನೆ ಬಂದ್ಬಿಡ್ರಿ. ಟೂರ್ನಮೆಂಟ್ ಐತಿ. ನಮ್ಮ ಟೀಮಿನ್ಯಾಗ ಒಬ್ಬ ಕಮ್ಮಿ ಬಿದ್ದಾನ, ಗೋವಾಕ್ಕ ದುಡ್ಯಾಕ ಹೋಗ್ಯಾನ. ನೀವು ಏನೂ ಮಾಡೂದು ಬ್ಯಾಡ, ಸುಮ್ನ ನಿಂತರ ಸಾಕು.”

ಸುಮ್ಮನೆ ನಿಲ್ಲುವುದರಲ್ಲಿ ನನ್ನಷ್ಟು ಅನುಭವ ಇರುವವರು ಬೆಳಗಾವಿ ಶಹರದಲ್ಲಿ ಕಡಿಮೆ. ಗೆಲ್ಲಬೇಕೆಂಬ ಹಟ ಎಲ್ಲರಿಗೂ ಹುಟ್ಟುತ್ತಲೇ ಬರುತ್ತದೆಯಂತೆ. ನನ್ನ ಪಾಲಿನದು ದಾರಿಯಲ್ಲೆಲ್ಲೋ ಇಳಿದುಹೋಗಿದೆ. ಸಾಲಿಯಲ್ಲಿ ಚಮಚದಲ್ಲಿ ನಿಂಬೆಹಣ್ಣಿಟ್ಟುಕೊಂಡು ಓಡುವ ಸ್ಪರ್ಧೆಯಿದ್ದಾಗ, ನನ್ನ ಬಾಜೂ ಓಡುತ್ತಿದ್ದವನ ಹಣ್ಣು ಬಿತ್ತೆಂದು ನಿಂತು ಎತ್ತಿಕೊಟ್ಟೆ. ಅವನು ಫಸ್ಟ್ ಬಂದ. ಮಾಸ್ತರರು ನನಗೆ ಸಮಾಧಾನದ ಬಹುಮಾನ ಕೊಡುವ ಬದಲು ಬೈದರು, “ಹಣ್ಣ ಮಾರಾಕ ಹೊಂಟಿದ್ದೇನೋ?” ಅಂತ.

ಸೋತಾಗಲೆಲ್ಲ ನಾನು ನಮ್ಮ ಊರಿನವರೇ ಆದ ಫಡೆಪ್ಪ ದರೆಪ್ಪ ಚೌಗುಲೆಯವರ ಹೆಸರು ಹೇಳುತ್ತೇನೆ. 1920ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದಿಂದ ಹೋದ ಬೆರಳೆಣಿಕೆಯ ಆಟಗಾರರಲ್ಲಿ ಅವರೊಬ್ಬರು. ಮ್ಯಾರಥಾನಿನಲ್ಲಿ ಹತ್ತೊಂಬತ್ತನೆಯವರಾಗಿ ಬಂದರು. ಹತ್ತೊಂಬತ್ತನೇ ನಂಬರಿಗೂ ಇತಿಹಾಸದಲ್ಲಿ ಜಾಗ ಇದೆ ಎಂಬುದು ನನ್ನ ವಾದ. ನನ್ನ ಹೆಂಡತಿಗೆ ಈ ವಾದ ಹಿಡಿಸಿಲ್ಲ. “ಅವರು ನಲವತ್ತೆರಡು ಕಿಲೋಮೀಟರ್ ಮ್ಯಾಲ ಓಡಿ ಹತ್ತೊಂಬತ್ತನೇದವರು ಆದ್ರು. ನೀವು ಹಾಲಿನ ಪಾಕೀಟ ತರಾಕ ಎರಡನೇ ಗೇಟಿನ ತನಕ ರಿಕ್ಷಾ ಮಾಡ್ತೀರಿ,” ಅನ್ನುತ್ತಾಳೆ. ಟಿಳಕವಾಡಿಯ ರೈಲ್ವೆ ಗೇಟು ಹಾಕಿರುವಾಗ ನಡೆದವನೂ ರಿಕ್ಷಾದವನೂ ಒಟ್ಟಿಗೇ ನಿಲ್ಲಬೇಕಾಗುತ್ತದೆ, ಅವಸರ ಮಾಡಿ ಏನು ಸಾಧಿಸುವುದು ಎಂಬ ನನ್ನ ಪ್ರಶ್ನೆಗೆ ಮಾತ್ರ ಅವಳ ಹತ್ತಿರ ಉತ್ತರವಿಲ್ಲ.

ಹಾಗಂತ ನಾನು ಆಟದ ವೈರಿಯಲ್ಲ. ಗೆಲ್ಲುವ ಆಸೆಯನ್ನು ನಾನು 2008ರಲ್ಲೇ ಗುತ್ತಿಗೆಗೆ ಕೊಟ್ಟುಬಿಟ್ಟಿದ್ದೆ, ಆರ್‌ಸಿಬಿಗೆ. ಇದರಷ್ಟು ಅನುಕೂಲದ ವ್ಯವಸ್ಥೆ ಇನ್ನೊಂದಿಲ್ಲ. ಓಡುವವರು ಅವರು, ಬೆವರುವವರು ಅವರು, ಸೋಲುವವರೂ ಅವರು. ಮರುದಿನ ಗೋಗಟೆ ಸರ್ಕಲ್ಲಿನ ಚಹಾದಂಗಡಿಯಲ್ಲಿ ನಿಂತು ಮುಖ ಸಣ್ಣ ಮಾಡುವುದಷ್ಟೇ ನನ್ನ ಪಾಲಿನ ದುಡಿಮೆ. 2009ರ ಫೈನಲ್ಲಿನಲ್ಲಿ ಆರು ರನ್ನಿನಿಂದ ಸೋತರು. 2011ರಲ್ಲಿ ಸೋತರು. 2016ರಲ್ಲಿ ಕೊಹ್ಲಿ ಒಂದೇ ಸೀಸನ್ನಿನಲ್ಲಿ 973 ರನ್ ಹೊಡೆದರೂ ಸೋತರು. “ಈ ಸಲ ಕಪ್ ನಮ್ದೇ” ಎಂದು ಪ್ರತಿ ವರ್ಷ ಹೇಳುತ್ತಾ, ಕಪ್ಪು ಬಾರದೇ ಇರುವುದನ್ನೇ ರೂಢಿ ಮಾಡಿಕೊಂಡು ಸುಖವಾಗಿದ್ದೆ.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಅವರು ಗೆದ್ದೇಬಿಟ್ಟರು, ಅದೂ ಅದೇ ಆರು ರನ್ನಿನಿಂದ. ಹದಿನೆಂಟು ವರ್ಷದ ಬಾಕಿಯನ್ನು ಬಡ್ಡಿಯಿಲ್ಲದೆ ತೀರಿಸಿದ ಹಾಗೆ. ನಮ್ಮ ಓಣಿಯ ಹುಡುಗರು ಪಟಾಕಿ ಹಚ್ಚಿ ಚೆನ್ನಮ್ಮ ಸರ್ಕಲ್ ಕಡೆ ಓಡಿದರು. ನಾನು ಟೀವಿ ಆರಿಸಿ ಕತ್ತಲಲ್ಲಿ ಕೂತೆ. ಮಗಳ ಮದುವೆ ಮಾಡಿ ಕಳಿಸಿದ ಮನೆಯ ಹಾಗೆ ಎದೆ ಭಣಭಣ ಅನ್ನುತ್ತಿತ್ತು. (ಮರುದಿನ ಬೆಂಗಳೂರಿನಲ್ಲಿ ಆದ ಕಾಲ್ತುಳಿತ ನಗೆಬರಹಕ್ಕೆ ತರುವ ಮಾತಲ್ಲ, ತರುವುದಿಲ್ಲ.)

ಅದೇ ವರ್ಷ ಕೊಂಡಿದ್ದ, ಕೊಹ್ಲಿಯ ಹದಿನೆಂಟು ನಂಬರಿನ ಜರ್ಸಿಯೇ ನನ್ನ ಹತ್ತಿರ ಇದ್ದ ಏಕೈಕ ಆಟದ ಬಟ್ಟೆ. ಅದನ್ನು ಹಾಕಿಕೊಂಡು ಭಾನುವಾರ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದೆ. ಮುಂದಿನ ಎಲ್ಲ ಪೀಡೆಗೂ ಮೂಲ ಆ ಜರ್ಸಿಯೇ.

ಪೀರನವಾಡಿ, ಮಚ್ಛೆ ದಾಟಿ ಬಸ್ಸು ಗಣೇಬೈಲ್ ಹಾಯುವ ಹೊತ್ತಿಗೆ ಗಾಳಿಯೇ ಬೇರೆ. ಬೆಳಗಾವಿಯ ದಂಡಿನ ಶಿಸ್ತು ಹಿಂದೆ ಬಿದ್ದು, ಮಲಪ್ರಭೆಯ ಸೀಮೆ ಶುರುವಾಗುತ್ತದೆ. ಖಾನಾಪುರದಲ್ಲಿ ಇಳಿದೆ, ಹೆಂಡತಿಯ ತಮ್ಮ ಬೈಕ್ ತಂದಿದ್ದ. ಭತ್ತ ಕೊಯ್ದ ಮೇಲೆ ಈ ಭಾಗದ ಗದ್ದೆಗಳೆಲ್ಲ ಕ್ರಿಕೆಟ್ ಮೈದಾನಗಳಾಗುತ್ತವೆ. ಬದು ಕಡಿದು, ಕೂಳೆ ತುಳಿದು, ನಡುವೆ ಒಂದಿಷ್ಟು ಮಣ್ಣು ಹಾಕಿ ನೀರು ಹೊಡೆದರೆ ಪಿಚ್. ಬೌಂಡರಿಗೆ ಸುಣ್ಣದ ಗೆರೆ. ಒಂದು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಟೇಬಲ್ಲು, ಕುರ್ಚಿ, ಕಮಿಟಿಯ ಹಿರಿಯರು ಮತ್ತು ಇಡೀ ಕಾಡಿಗೇ ಕೇಳುವಂಥ ಮೈಕು.

“ಆಣಿ ಆತಾ ಮೈದಾನಾತ್ ಯೇತ್ ಆಹೇತ…” ಎಂದು ಮರಾಠಿಯಲ್ಲಿ ಶುರು ಮಾಡಿದ ಕಾಮೆಂಟ್ರಿಯವ, ನನ್ನ ಜರ್ಸಿ ಕಂಡವನೇ ಕನ್ನಡಕ್ಕೆ ಹೊರಳಿದ. “ಬೆಳಗಾವಿ ಸಿಟಿಯಿಂದ ಸ್ಪೆಷಲ್ ಬಂದಂಥಾ ಆಟಗಾರ! ಹದಿನೆಂಟು ನಂಬರ್!” ಕಡೆಗೆ ಹಿಂದಿಯಲ್ಲಿ, “ಜೋರದಾರ್ ತಾಲಿಯಾಂ!” ಮೂರು ಭಾಷೆಯಲ್ಲಿ ಒಮ್ಮೆಗೇ ಹೊಗಳಿಸಿಕೊಂಡದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಎದುರಾಳಿ ತಂಡದ ಬೌಲರ್ ಒಬ್ಬ ನನ್ನನ್ನು ನೋಡುತ್ತಾ ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕುತ್ತಿದ್ದ. ನಾನು ಅವನಿಗೆ ನಮಸ್ಕಾರ ಮಾಡಿದೆ. ಅದನ್ನವನು ಸೊಕ್ಕು ಎಂದು ತಿಳಿದನೆಂದು ಆಮೇಲೆ ಗೊತ್ತಾಯಿತು.

ಆರು ಓವರಿನ ಮ್ಯಾಚುಗಳು, ಟೆನಿಸ್ ಬಾಲು. ಮೊದಲ ಬಹುಮಾನ ಒಂದು ಶೀಲ್ಡು ಮತ್ತು ಒಂದು ಟಗರು. ಶೀಲ್ಡು ಟೇಬಲ್ಲಿನ ಮೇಲಿತ್ತು. ಟಗರನ್ನು ಬೌಂಡರಿಯಾಚೆಯ ಹಲಸಿನ ಮರಕ್ಕೆ ಕಟ್ಟಿದ್ದರು. ನನ್ನನ್ನೂ ಅಲ್ಲೇ ಫೀಲ್ಡಿಂಗಿಗೆ ನಿಲ್ಲಿಸಿದರು. ಚೆಂಡು ಆ ಕಡೆ ಬರುವುದೇ ಇಲ್ಲ ಎಂಬುದು ಹೆಂಡತಿಯ ತಮ್ಮನ ಲೆಕ್ಕ, ಮತ್ತು ಅದು ಸರಿಯಾಗಿಯೇ ಇತ್ತು. ಎರಡು ಮ್ಯಾಚು ಮುಗಿಯುವವರೆಗೂ ನಾನು ಟಗರಿನ ಕೊರಳು ತುರಿಸುತ್ತಾ ನಿಂತೆ. ಹಣೆಗೆ ಭಂಡಾರ, ಕೋಡಿಗೆ ಕೆಂಪು ರಿಬ್ಬನ್ನು. ತುರಿಸುವುದು ನಿಲ್ಲಿಸಿದರೆ ಮೊಣಕಾಲಿಗೆ ಮೆಲ್ಲಗೆ ಗುದ್ದುತ್ತಿತ್ತು. ಮೈದಾನದಲ್ಲಿದ್ದ ಅಷ್ಟು ಜನರಲ್ಲಿ, ಯಾರು ಗೆದ್ದರೂ ತನಗೇನೂ ಆಗಬೇಕಿಲ್ಲ ಎಂಬಂತೆ ಇದ್ದವರು ನಾವಿಬ್ಬರೇ.

ನಮ್ಮ ತಂಡ ಫೈನಲ್ಲಿಗೆ ಬಂತು. ಅದರಲ್ಲಿ ನನ್ನ ಪಾಲು ಏನೂ ಇಲ್ಲ. ಫೈನಲ್ ಶುರುವಾಗುವ ಹೊತ್ತಿಗೆ ಎದುರಾಳಿಗಳ ಕಡೆಯ ನಾಲ್ಕು ಹುಡುಗರು ಮರದ ಕೆಳಗೆ ಬಂದು ಕೂತರು. “ಮಸಾಲಿ ಅರದ್ ಇಟ್ಟಾರ. ತಾಂಬಡಾ ರಸ್ಸಾ ಮಾಡ್ಸೋಣೋ ಪಾಂಢರಾ?” ಎಂದು ಟಗರನ್ನು ನೋಡುತ್ತಾ ಚರ್ಚಿಸತೊಡಗಿದರು. ನನ್ನ ಕೈ ಟಗರಿನ ಕೊರಳ ಮೇಲೆ ಹಾಗೇ ನಿಂತಿತು. ಟಗರು ಗುದ್ದಿತು.

ಆಗ ನನ್ನ ತಲೆಯಲ್ಲಿ ಓಡಿದ ಲೆಕ್ಕ ಇದು. ಅವರು ಗೆದ್ದರೆ ಇದು ಅವರ ತಾಟಿಗೆ. ನಾವು ಗೆದ್ದರೆ ನಮ್ಮ ತಾಟಿಗೆ. ಯಾರೂ ಗೆಲ್ಲದಿದ್ದರೆ? ನಲವತ್ತೇಳು ವರ್ಷದಲ್ಲಿ ಮೊದಲ ಸಲ ನನಗೆ ಒಂದು ಫಲಿತಾಂಶ ಬೇಕು ಅನ್ನಿಸಿತು, ಮತ್ತು ಅದು ಬರೋಬರಿ.

ನಮ್ಮ ಕಡೆ ಬರೋಬರಿಗೆ ಮರ್ಯಾದೆ ಕಡಿಮೆ. ಆನಂದವಾಡಿಯ ಕುಸ್ತಿ ಮೈದಾನಕ್ಕೆ ಹೋಗಿ ನೋಡಿರಿ. ಮಧ್ಯಾಹ್ನ ತೆಂಗಿನಕಾಯಿಯ ಬಹುಮಾನಕ್ಕೆ ಹಿಡಿಯುವ ಸಣ್ಣ ಹುಡುಗರಿಂದ ಶುರುವಾಗಿ, ರಾತ್ರಿ ಲೈಟಿನ ಬೆಳಕಿನಲ್ಲಿ ಮಹಾರಾಷ್ಟ್ರ, ಪಂಜಾಬ, ಹರಿಯಾಣದ ಪೈಲ್ವಾನರ ತನಕ ಜೋಡಿ ಹಚ್ಚುತ್ತಾರೆ. ಹಲಗಿಯ ಬಡಿತ ಏರುತ್ತದೆ, ರುಮಾಲಿನ ಹಿರಿಯರು ಕೂತಲ್ಲೇ ಭುಜ ತಿರುವಿ ಡಾವು ಹಾಕುತ್ತಿರುತ್ತಾರೆ. ಇಬ್ಬರೂ ಸಮಬಲ ಎಂದು ಪಂಚರು ಕುಸ್ತಿ ಬಿಡಿಸಿದರೆ ಮಂದಿಯ ಮುಖ ನೋಡಬೇಕು, ಊಟದ ಎಲೆಯ ಮುಂದಿಂದ ಎಬ್ಬಿಸಿದ ಹಾಗೆ. ಅದಕ್ಕೇ ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ “ಜಂಗಿ ನಿಕಾಲಿ ಕುಸ್ತಿ” ಎಂದು ಹಾಕುತ್ತಾರೆ. ನಿಕಾಲಿ ಎಂದರೆ ಒಬ್ಬನ ಬೆನ್ನು ಮಣ್ಣಿಗೆ ತಾಗಲೇಬೇಕು. ಆ ಮೈದಾನದಲ್ಲಿ ಜೋಡಿ ಬಿಡಿಸಿದಾಗ ಚಪ್ಪಾಳೆ ತಟ್ಟುವವನು ನಾನೊಬ್ಬನೇ. ಇಬ್ಬರೂ ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಹೋದರಲ್ಲ ಎಂಬ ಸಂತೋಷಕ್ಕೆ. ಒಂದು ಸಲ ಹಿಂದೆ ಕೂತಿದ್ದ ಅಜ್ಜ ಕೇಳಿದ, “ತಮ್ಮಾ, ನೀ ಯಾರ ಕಡ್ಯಾಂವೋ?” ನನಗೆ ಉತ್ತರ ಹೊಳೆಯಲಿಲ್ಲ. ಬೆಳಗಾವಿಯಲ್ಲಿ ಈ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳದೆ ಮನೆ ಬಿಟ್ಟು ಹೊರಗೆ ಬರಬಾರದು.

ಫೈನಲ್ಲಿಗೆ ಬರೋಣ. ಕಡೆಯ ಓವರಿನ ಐದನೇ ಬಾಲಿಗೆ ನಮ್ಮ ಇನ್ನೊಬ್ಬ ಔಟಾದ. ಉಳಿದವನು ನಾನೊಬ್ಬನೇ. ಒಂದು ಬಾಲು, ಎರಡು ರನ್. ಆಚೆ ತುದಿಯಲ್ಲಿ ಹೆಂಡತಿಯ ತಮ್ಮ. ಅವನು ನಡುಪಿಚ್ಚಿಗೆ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, “ಮಾಮಾ, ಬ್ಯಾಟಿಗೆ ಬಾಲ್ ತಾಗಿದ್ರ ಸಾಕು. ಆಮ್ಯಾಗ ಓಡ್ರಿ. ಎರಡು,” ಎಂದು ಎರಡು ಬೆರಳು ತೋರಿಸಿದ. ಅವನ ಕಣ್ಣು ಕೆಂಪಾಗಿತ್ತು. ನನಗೆ ಕಾಣುತ್ತಿದ್ದದ್ದು ಅವನ ಹಿಂದೆ, ಹಲಸಿನ ಮರ.

ಮೈಕಿನಲ್ಲಿ “ಹದಿನೆಂಟು ನಂಬರ್” ಎಂದು ಮೂರೂ ಭಾಷೆಯಲ್ಲಿ ಕೂಗಾಟ. ನನ್ನ ನಮಸ್ಕಾರವನ್ನು ಮರೆಯದಿದ್ದ ಬೌಲರ್ ದೂರದಿಂದ ಓಡಿಬಂದ. ನಾನು ಕಣ್ಣು ಮುಚ್ಚಿದೆ. ಚೆಂಡು ಬಂದು ಬ್ಯಾಟಿಗೆ ತಾಗಿತು. ಬ್ಯಾಟು ಚೆಂಡಿಗೆ ತಾಗಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅಂಚು ಸವರಿ ಹಿಂದಕ್ಕೆ ಹೋಯಿತು. ನಾನು ಓಡಿದೆ. ಒಂದು ರನ್. ಈಗ ಸಮ ಸಮ. ಹೆಂಡತಿಯ ತಮ್ಮ ಆ ತುದಿ ಮುಟ್ಟಿ ಹೊರಳಿ, “ಓಡ್ರಿ ಮಾಮಾ, ಓಡ್ರಿ!” ಎನ್ನುತ್ತಾ ನನ್ನ ಕಡೆಗೇ ನುಗ್ಗಿ ಬರುತ್ತಿದ್ದ.

ನಾನು ಓಡಲಿಲ್ಲ. ಬ್ಯಾಟನ್ನು ಕೋಲಿನ ಹಾಗೆ ಊರಿಕೊಂಡು ನಿಂತೆ. ಅದು ಕರುಣೆಯೋ, ಉಬ್ಬಸವೋ, ಇವತ್ತಿಗೂ ನನಗೆ ಸ್ಪಷ್ಟವಿಲ್ಲ. ಅವನು ಬಂದು ನನ್ನ ಪಕ್ಕದಲ್ಲೇ ನಿಂತ. ಅಕ್ಕನ ಗಂಡನಿಗೆ ಬೈಯಬಾರದೆಂಬ ಸಂಸ್ಕಾರ ಅವನ ಗಂಟಲಲ್ಲಿ ಒದ್ದಾಡುವುದು ಕಾಣುತ್ತಿತ್ತು. ಆಚೆ ಕೀಪರ್ ಮೂರೂ ಸ್ಟಂಪು ಕಿತ್ತು ಎಸೆದ.

ಮ್ಯಾಚು ಟೈ. ಸೂಪರ್ ಓವರ್ ಎಂದರು ಕಮಿಟಿಯವರು. ಹೊತ್ತು ಮುಳುಗುತ್ತಿತ್ತು. “ನಿಕಾಲಿ ಆಗಬೇಕು!” ಎಂದು ಮಂದಿ ಕೂಗುತ್ತಿದ್ದರು. ಆಗ ನಾನು, ಯಾವತ್ತೂ ಸಭೆಯಲ್ಲಿ ಬಾಯಿ ತೆರೆಯದವನು, ಟ್ರೇಲರ್ ಹತ್ತಿ ಮೈಕು ಹಿಡಿದೆ. 2019ರ ವಿಶ್ವಕಪ್ ಫೈನಲ್ ನೆನಪಿಸಿದೆ: ಲಾರ್ಡ್ಸಿನಲ್ಲಿ ಮ್ಯಾಚೂ ಟೈ, ಸೂಪರ್ ಓವರೂ ಟೈ, ಕಡೆಗೆ ಬೌಂಡರಿ ಎಣಿಸಿ ಇಂಗ್ಲೆಂಡಿಗೆ ಕಪ್ಪು ಕೊಟ್ಟರು; ನ್ಯೂಜಿಲೆಂಡಿನವರು ಸೋಲದೇ ಸೋತರು, ಅಂಥ ಅನ್ಯಾಯ ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಆಗಬೇಕೇ? ಟೋಕಿಯೋ ಒಲಿಂಪಿಕ್ಸಿನ ಎತ್ತರ ಜಿಗಿತ ನೆನಪಿಸಿದೆ: ಕತಾರಿನ ಬರ್ಶಿಮ್, ಇಟಲಿಯ ತಂಬೇರಿ, ಇಬ್ಬರೂ 2.37 ಮೀಟರ್, ಇನ್ನೊಮ್ಮೆ ಜಿಗಿಯಿರಿ ಎಂದರೆ ಒಲ್ಲೆವು ಎಂದು ಚಿನ್ನವನ್ನೇ ಹಂಚಿಕೊಂಡರು, ಅಪ್ಪಿಕೊಂಡು ಅತ್ತರು. “ಹಂಚಿಕೊಳ್ಳೋಣ್ರಿ,” ಎಂದೆ. ನನ್ನ ದನಿ ನಡುಗಿತು. ಚಪ್ಪಾಳೆ ಬಿತ್ತು. ನನ್ನ ಬದುಕಿನ ಮೊದಲ ಗೆಲುವು ಇದು ಎಂದುಕೊಂಡೆ.

ಕಮಿಟಿಯ ಹಿರಿಯರು ರುಮಾಲು ಸರಿಮಾಡಿಕೊಂಡರು. “ಸಾಹೇಬ್ರು ಹೇಳೂದು ಖರೇ ಐತಿ. ಶೀಲ್ಡ್ ಆರು ತಿಂಗಳ ಅವರ ಕಡೆ, ಆರು ತಿಂಗಳ ಇವರ ಕಡೆ. ಇನ್ನ ಟಗರು…” ಎಂದು ಮರದ ಕಡೆ ನೋಡಿದರು. “ಹಂಚಬೇಕಂದ್ರ ಅದಕ್ಕ ಒಂದ ಹಾದಿ. ಇವತ್ತ ರಾತ್ರಿ ಎರಡೂ ಟೀಮಿನವರು ಇಲ್ಲೇ ಊಟಾ ಮಾಡ್ರಿ.”

ಹೆಂಡತಿಯ ತಮ್ಮ ಕತ್ತಲಾದ ಮೇಲೆ ಬದುವಿನ ಮೇಲೆ ನನ್ನ ಪಕ್ಕ ಬಂದು ಕೂತ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಾ ಅದನ್ನ ಸಾಕಬೇಕಂತ ಮಾಡಿದ್ನಿ ಮಾಮಾ. ಮುಂಜಾನೆ ಕೊಟ್ಟಿಗಿ ಸೈತ ಹಸನ ಮಾಡಿ ಬಂದಿದ್ನಿ. ಎರಡನೇ ರನ್ ಓಡಿದ್ರ ಈಗ ಮನ್ಯಾಗ ಮೇವು ತಿಂತಿತ್ತು,” ಎಂದ.

“ಮೊದಲ ಯಾಕ ಹೇಳಲಿಲ್ಲೋ?”

“ನೀವು ಕೇಳೇ ಇಲ್ಲಲ್ರೀ.”

ದೊಡ್ಡ ಪಾತೇಲಿ ಒಲೆಯ ಮೇಲಿಂದ ಇಳಿಯಿತು. ಬೌಲರನೇ ಬಡಿಸುತ್ತಾ ಬಂದ. ಈಗ ಅವನು ನನಗೆ ನಮಸ್ಕಾರ ಮಾಡಿದ, ಸೊಕ್ಕಿನಿಂದಲೋ ಅಲ್ಲವೋ ಕತ್ತಲಲ್ಲಿ ಕಾಣಲಿಲ್ಲ. ನಾನು ಬೇಡ ಎಂದು ಕೈ ಅಡ್ಡ ಹಿಡಿಯಬೇಕೆಂದೇ ಇದ್ದೆ. ಬೆಳಿಗ್ಗೆಯಿಂದ ಬರೀ ಎರಡು ಚಹಾದ ಮೇಲೆ ನಿಂತವನು. ತಾಂಬಡಾ ರಸ್ಸಾ ಮಾಡಿದ್ದರು, ಕೊಬ್ಬರಿ ಹುರಿದು ಅರೆದ ವಾಸನೆ ಗದ್ದೆಯ ತುಂಬ ಹಬ್ಬಿತ್ತು.

ಹೆಂಡತಿಯ ತಮ್ಮ ಒಂದೇ ಒಂದು ಫೋಟೋ ತೆಗೆದು ಅಕ್ಕನಿಗೆ ಕಳಿಸಿದ್ದಾನೆ. ಅದರಲ್ಲಿ ಹದಿನೆಂಟು ನಂಬರಿನ ಜರ್ಸಿ ಹಾಕಿದ ಒಬ್ಬ ಮನುಷ್ಯ, ಎರಡನೇ ಸಲಕ್ಕೆ ತಾಟು ಹಿಡಿದುಕೊಂಡು, ಪಾತೇಲಿಯ ಕಡೆಗೆ ಓಡುತ್ತಿದ್ದಾನೆ.